ಮಕ್ಕಳ ಮನೆ ಸುತ್ತಿ ಟೋಕಿಯೋ ಮೇಲೆ ವಾಪಸ್: ಟಿಕೆಟ್ ಹೇಗೆ ಮಾಡಿಸೋದು?

ಪ್ರಶ್ನೆ: ನಾನು, ನಮ್ಮೆಜಮಾನ್ರು ಇಬ್ರೂ ರಿಟೈರ್ ಆಗಿದೀವಿ. ಮಗಳು ಫ್ರಾಂಕ್‌ಫರ್ಟಲ್ಲಿ, ಮಗ ನ್ಯೂಜೆರ್ಸಿಲಿ, ನನ್ನ ತಮ್ಮ ಸ್ಯಾನ್ ಫ್ರಾನ್ಸಿಸ್ಕೋ ಹತ್ರದ ಸ್ಯಾನ್ ಹೋಸೆಲಿ. ಮಧ್ಯ ಆಮ್‌ಸ್ಟರ್‌ಡ್ಯಾಮ್, ಬರ್ತಾ ಟೋಕಿಯೋ ನೋಡ್ಕೊಂಡು 30 ದಿನಕ್ಕೆ ವಾಪಸ್ ಬರೋ ಆಸೆ. ಅಮೆರಿಕಾ ವೀಸಾ ಇದೆ. ಎಲ್ಲಾ ಟಿಕೆಟ್ ಬೇರೆಬೇರೆ ತಗೊಂಡ್ರೆ ಚೀಪು ಅಂತಾನೆ ಮಗ, ಹೌದಾ?
– ಹಾಸನದ ಓದುಗರು

ಉತ್ತರ: ಅರ್ಧ ಹೌದು ಮೇಡಂ. ನಾಕು ದಿನ ಉಳ್ಕೊಳ್ಳೋ ಕಡೆ ಟಿಕೆಟ್ ಬೇರೆಯಾದ್ರೆ ತೊಂದ್ರೆ ಇಲ್ಲ, ಆದ್ರೆ ಒಂದೇ ದಿನ ವಿಮಾನ ಬದಲಾಯಿಸೋ ಕಡೆ ಮಾತ್ರ ಒಂದೇ ಪಿಎನ್ಆರ್ (ಬುಕಿಂಗ್ ನಂಬರ್) ಇರಲಿ, ಇಲ್ಲಾಂದ್ರೆ ಮೊದಲ್ನೇದು ಲೇಟಾಗಿ ಎರಡನೇದು ತಪ್ಪಿದ್ರೆ ಹೊಸ ಟಿಕೆಟ್ ದುಡ್ಡು ನಿಮ್ಮ ಕೈಯಿಂದಾನೇ. ಟಿಕೆಟ್ ಬುಕ್ ಮಾಡೋ ಸೈಟಲ್ಲಿ ‘ಮಲ್ಟಿ ಸಿಟಿ’ ಅಂತ ಆಪ್ಷನ್ ಇರತ್ತಲ್ಲ, ಅದ್ರಲ್ಲಿ ಬೆಂಗಳೂರು–ಫ್ರಾಂಕ್‌ಫರ್ಟ್, ಆಮ್‌ಸ್ಟರ್‌ಡ್ಯಾಮ್–ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೋ–ಟೋಕಿಯೋ, ಟೋಕಿಯೋ–ಬೆಂಗಳೂರು ಹಾಕಿ ರೇಟ್ ನೋಡಿ, ಆಮೇಲೆ ಬಿಡಿಬಿಡಿ ರೇಟ್ ಜೊತೆ ಹೋಲಿಸಿ. ಫ್ರಾಂಕ್‌ಫರ್ಟಿಂದ ಆಮ್‌ಸ್ಟರ್‌ಡ್ಯಾಮಿಗೆ ಟ್ರೈನೇ ಸಾಕು, ಸುಮಾರು ನಾಕು ಗಂಟೆ. ಆದ್ರೆ ಆ ತುಂಡಿಗೂ ಫ್ಲೈಟ್ ಬುಕ್ ಮಾಡಿ ಟ್ರೈನಲ್ಲಿ ಹೋಗಿಬಿಟ್ರೆ ಅದೇ ಟಿಕೆಟ್ಟಿನ ಮುಂದಿನ ಫ್ಲೈಟೆಲ್ಲಾ ಕ್ಯಾನ್ಸಲ್ ಆಗೋ ಚಾನ್ಸ್ ಜಾಸ್ತಿ, ಹುಷಾರು. ನ್ಯೂಯಾರ್ಕ್–ಸ್ಯಾನ್ ಫ್ರಾನ್ಸಿಸ್ಕೋ ಬೇಕಾದ್ರೆ ಬೇರೆ ತಗೊಳ್ಳಿ, ಅಲ್ಲಿ ಲೋಕಲ್ ಫ್ಲೈಟಲ್ಲಿ ಸಾಮಾನ್ಯವಾಗಿ ಮೊದಲ್ನೇ ಬ್ಯಾಗಿಗೂ ದುಡ್ಡು ಕೇಳ್ತಾರೆ, ಅದನ್ನೂ ಸೇರಿಸಿ ಲೆಕ್ಕ ಹಾಕಿ.

ಶೆಂಗನ್ ವೀಸಾಗೆ (ಯುರೋಪಿನ ಬಹುಪಾಲು ದೇಶಕ್ಕೆ ಇದೊಂದೇ ವೀಸಾ) ಜಾಸ್ತಿ ದಿನ ಇರೋ ದೇಶಕ್ಕೇ ಅರ್ಜಿ, ನಿಮಗೆ ಜರ್ಮನಿ ಆಗತ್ತೆ. ಆರು ತಿಂಗಳು ಮುಂಚಿಂದ ಹಾಕಬಹುದು. ಕನಿಷ್ಠ 30,000 ಯೂರೋ ಕವರ್ ಇರೋ ಇನ್ಶೂರೆನ್ಸ್ ಬೇಕೇಬೇಕು. ಜಪಾನಿಗೆ ವೀಸಾ ಬೇರೆ.

ಇನ್ನು ಟೋಕಿಯೋ ಹೋಟೆಲ್. ಇದ್ರಲ್ಲಿ ನಾನೇ ಬಿದ್ದಿದೀನಿ. 14ನೇ ತಾರೀಕು ಮಧ್ಯಾಹ್ನ ಸ್ಯಾನ್ ಫ್ರಾನ್ಸಿಸ್ಕೋ ಬಿಡೋ ಫ್ಲೈಟು, ಹನ್ನೊಂದು ಗಂಟೆ ಪ್ರಯಾಣ ತಾನೇ ಅಂತ 14ರ ರಾತ್ರಿಗೇ ರೂಮ್ ಹಾಕ್ದೆ. ಪೆಸಿಫಿಕ್ ಮೇಲೆ ದಿನಾಂಕ ರೇಖೆ ದಾಟ್ತೀವಿ, ತಾರೀಕು ಒಂದು ದಿನ ಮುಂದಕ್ಕೆ ಹೋಗತ್ತೆ ಅನ್ನೋದೇ ಮರ್ತೋಗಿತ್ತು, ಇಳಿದಾಗ 15ರ ಸಂಜೆ. ಕೌಂಟರ್ ಹುಡುಗಿ ಕಂಪ್ಯೂಟರ್ ನನ್ನ ಕಡೆ ತಿರುಗಿಸಿ ತಾರೀಕಿನ ಮೇಲೆ ಬೆರಳಿಟ್ಟು ತೋರಿಸಿದ್ಳು, ಜೊತೆಗೆ ಎರಡು ಸಲ ಬಗ್ಗಿ ನಮಸ್ಕಾರ ಬೇರೆ. ಒಂದು ರಾತ್ರಿ ದುಡ್ಡು ಹೋಯ್ತು. ಟಿಕೆಟಲ್ಲಿ ಇಳಿಯೋ ತಾರೀಕು ನೋಡಿ ರೂಮ್ ಮಾಡಿ.

ಹಾಂ, ಮಗನಿಗೆ ಪುಳಿಯೋಗರೆ ಗೊಜ್ಜು ತಗೊಂಡೇ ಹೋಗ್ತೀರಲ್ಲ, ಕ್ಯಾಬಿನ್ ಬ್ಯಾಗಲ್ಲಿ ಬೇಡ, ಸೆಕ್ಯುರಿಟಿಯವ್ರು ಅದನ್ನೂ ಲಿಕ್ವಿಡ್ ಲೆಕ್ಕಕ್ಕೇ ತಗೋತಾರೆ.