1976ರ ಬ್ರಿಟನ್ನಿನ ನ್ಯಾಷನಲ್ ಪಾರ್ಟಿ ಮಿತವಾದಿಗಳ ಪಕ್ಷವೇ?

ವಲಸಿಗರನ್ನು ವಿರೋಧಿಸುತ್ತಿದ್ದ ತೀವ್ರ ಬಲಪಂಥೀಯ ಪಕ್ಷವಾದ ನ್ಯಾಷನಲ್ ಫ್ರಂಟ್‌ನ ನಾಜಿಗಳ ಕಾಟ ತಾಳಲಾರದೆ ಮಿತವಾದಿಗಳು ಹೊರಬಂದು ಕಟ್ಟಿದ ಪಕ್ಷ ಇದು, ಎರಡರ ಸಿದ್ಧಾಂತವನ್ನು ಹೋಲಿಸಿ ಎಂ.ಎ. ಪ್ರಬಂಧ ಬರೆಯಬಹುದಾ ಅಂತ ಕೇಳಿದ್ದೀರಿ. ಇಂಗ್ಲೆಂಡಿನಲ್ಲಿ ಓದುವಾಗ ನಾನೂ ಇದನ್ನೇ ಹಿಡಿದು ಕೂತಿದ್ದೆ.

ಮೇಲ್ನೋಟಕ್ಕೆ ಹಾಗೇ ಕಾಣುತ್ತದೆ, ನಿಜ. ಫ್ರಂಟ್‌ನ ಅಧ್ಯಕ್ಷ ಜಾನ್ ಟಿಂಡಲ್ ಹಿಂದೆ ನಾಜಿ ಗುಂಪಿನಲ್ಲಿದ್ದು, ಸಮವಸ್ತ್ರದ ಪಡೆ ಕಟ್ಟಿದ್ದಕ್ಕೆ 1962ರಲ್ಲಿ ಜೈಲಿಗೆ ಹೋಗಿ ಬಂದ ಆಸಾಮಿ. 1974ರಲ್ಲಿ ಅವನನ್ನು ಇಳಿಸಿ, ಹಿಂದೆ ಕನ್ಸರ್ವೇಟಿವ್ ಪಕ್ಷದಲ್ಲಿದ್ದ ಜಾನ್ ಕಿಂಗ್ಸ್‌ಲಿ ರೀಡ್ ಅಧ್ಯಕ್ಷನಾದ. ಮರುವರ್ಷ ಟಿಂಡಲ್‌ನನ್ನು ಪಕ್ಷದಿಂದಲೇ ಉಚ್ಚಾಟಿಸಿದರು. ಅವನು ಕೋರ್ಟಿಗೆ ಹೋಗಿ ಗೆದ್ದ. ರೀಡ್ ಗುಂಪು ಹೊರನಡೆದು 1976ರ ಶುರುವಿನಲ್ಲಿ ನ್ಯಾಷನಲ್ ಪಾರ್ಟಿ ಕಟ್ಟಿತು. ಮೇ ತಿಂಗಳಲ್ಲಿ ಬ್ಲ್ಯಾಕ್‌ಬರ್ನ್ ಕೌನ್ಸಿಲ್‌ಗೆ ಇಬ್ಬರು ಗೆದ್ದರು, ರೀಡ್ ಮತ್ತು ಜಾನ್ ಫ್ರಾಂಕ್‌ಮನ್.

ನಾನು ಎಡವಿದ್ದು ಇಲ್ಲೇ. ಜಗಳದಲ್ಲಿ ಒಬ್ಬರನ್ನೊಬ್ಬರು ಬೈದುಕೊಂಡಿದ್ದನ್ನೇ ಸಾಕ್ಷಿ ಅಂದುಕೊಂಡೆ. ಇವರು ಅವರನ್ನು ನಾಜಿ ಅಂದರು, ಹಾಗಾದರೆ ಇವರು ನಾಜಿಗಳಲ್ಲ, ಅಷ್ಟೇ ನನ್ನ ತರ್ಕ. ಹಾಳೆಯ ನಡುವೆ ಒಂದು ಗೆರೆ ಎಳೆದು ಎಡಕ್ಕೆ ಟಿಂಡಲ್ ಕಡೆಯವರು, ಬಲಕ್ಕೆ ರೀಡ್ ಕಡೆಯವರು ಅಂತ ಹೆಸರು ತುಂಬಿದೆ. ಯಾರು ಮುಂದೆ ಏನು ಮಾಡಿದರು ಅಂತ ನೋಡಲೇ ಇಲ್ಲ. ಮೇ ಚುನಾವಣೆಗೆ ನನ್ನ ಓದು ನಿಂತಿತ್ತು. ಕರಡು ಓದಿದ ಗೈಡ್ ಕೇಳಿದ್ದು ಒಂದೇ ಮಾತು, "ಜೂನ್ ಎಲ್ಲಿ?"

ಜೂನ್‌ನಲ್ಲಿ ಲಂಡನ್ನಿನ ಸೌತಾಲ್‌ನಲ್ಲಿ ಗುರ್ದೀಪ್ ಸಿಂಗ್ ಚಗ್ಗರ್ ಎಂಬ 18ರ ಹುಡುಗನನ್ನು ಇರಿದು ಕೊಂದರು. ಅದಾದ ಮೇಲೆ ಸಭೆಯೊಂದರಲ್ಲಿ ರೀಡ್ ಹೇಳಿದ್ದು, ಒಬ್ಬ ಹೋದ, ಇನ್ನು ಹತ್ತು ಲಕ್ಷ ಬಾಕಿ ಅಂತ. ಇವನು ನನ್ನ ಮಿತವಾದಿ! ಕೇಸಾಯಿತು. ಆಗಿನ ಕಾನೂನಿನಲ್ಲಿ ಅಂಥ ಮಾತಾಡಿದ ಅಂತ ತೋರಿಸಿದರೆ ಸಾಲದು, ದ್ವೇಷ ಎಬ್ಬಿಸುವ ಉದ್ದೇಶವಿತ್ತು ಅಂತಲೂ ಸಾಬೀತು ಮಾಡಬೇಕಿತ್ತು. 1978ರ ಜನವರಿಯಲ್ಲಿ ಖುಲಾಸೆಯಾದ. ನ್ಯಾಯಾಧೀಶರು ಶುಭ ಹಾರೈಸಿ ಕಳಿಸಿದರು! ನನ್ನ ಬಲಗಡೆಯ ಪಟ್ಟಿಯಲ್ಲಿದ್ದ ಡೇವಿಡ್ ಮೆಕಾಲ್ಡನ್ ಕಥೆ ಇನ್ನೂ ಚೆನ್ನಾಗಿದೆ. ಅಮೆರಿಕಕ್ಕೆ ಹೋಗಿ, ಯಹೂದಿಗಳ ನರಮೇಧ ನಡೆದೇ ಇಲ್ಲ ಅಂತ ವಾದಿಸುವ ಸಂಸ್ಥೆ ಕಟ್ಟಿದವರಲ್ಲಿ ಒಬ್ಬನಾದ.

ಎರಡು ಅಧ್ಯಾಯ ಕಸದ ಬುಟ್ಟಿಗೆ ಹೋದವು. ಗಡುವು ತಪ್ಪಿತು. ಸ್ಕಾಲರ್‌ಶಿಪ್ ಮುಗಿದಿದ್ದರಿಂದ ಉಳಿದ ಫೀಸನ್ನು ಅಣ್ಣನ ಹತ್ತಿರ ಕೇಳಬೇಕಾಯಿತು. ಅವನು ಇವತ್ತಿಗೂ ಆಡಿಕೊಳ್ಳುತ್ತಾನೆ.

ಹಾಗಾಗಿ ಸಿದ್ಧಾಂತದ ಹೋಲಿಕೆ ಬಿಟ್ಟುಬಿಡಿ. ಹೋಲಿಸುವಷ್ಟು ವ್ಯತ್ಯಾಸವೇ ಅಲ್ಲಿಲ್ಲ. ಜಗಳ ಇದ್ದದ್ದು ಕುರ್ಚಿಗೆ ಮತ್ತು ಹೊರಗೆ ಯಾವ ಮುಖ ತೋರಿಸಬೇಕು ಅನ್ನೋದಕ್ಕೆ. ಪಕ್ಷ ಚಿಕ್ಕದು, ಕೆಲಸ ಬೇಗ ಮುಗಿಯುತ್ತೆ ಅಂತ ಆರಿಸಿಕೊಂಡಿದ್ದರೆ ಆ ಆಸೆಯನ್ನೂ ಬಿಡಿ. ಸಣ್ಣ ಪಕ್ಷದ ಕಾಗದಪತ್ರ ಹುಡುಕೋದೇ ಜಾಸ್ತಿ ಕಷ್ಟ.

ಒಡಕಿನಿಂದ ಏನಾಯಿತು ಅನ್ನೋದನ್ನು ಬರೆಯಿರಿ. 1976ರ ಜುಲೈನಲ್ಲಿ ಲಂಡನ್ನಿನ ಡೆಪ್ಟ್‌ಫರ್ಡ್‌ನಲ್ಲಿ ಕೌನ್ಸಿಲ್ ಉಪಚುನಾವಣೆ ನಡೆಯಿತು. ಎರಡೂ ಪಕ್ಷಗಳ ಮತ ಕೂಡಿಸಿದರೆ ಲೇಬರ್‌ಗಿಂತ ಜಾಸ್ತಿ. ಬೇರೆ ಬೇರೆ ನಿಂತಿದ್ದರಿಂದ ಲೇಬರ್ ಗೆದ್ದಿತು. ಅಲ್ಲಿಂದ ಶುರು ಮಾಡಿ, ಬ್ಲ್ಯಾಕ್‌ಬರ್ನ್‌ಗೆ ಆಮೇಲೆ ಹೋಗಿ.