ನೋವಿನ ಮಾತ್ರೆ ನುಂಗಿದರೆ ವೈರಸ್ ಕಾಯಿಲೆ ಉಲ್ಬಣಿಸುತ್ತದೆಯೇ?

ಫ್ಲೂ ಬಂದಾಗ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ನುಂಗಿದರೆ ಮೈ ಹಗುರಾಗುತ್ತದೆ ನಿಜ, ಒಳಗೊಳಗೇ ಕಾಯಿಲೆ ಬಲಿಯುತ್ತದೆಯೇ ಎಂದು ಕೇಳಿದ್ದೀರಿ. ನಾನು ಔಷಧಶಾಸ್ತ್ರ ಕಲಿಸುತ್ತೇನೆ. ವಿದ್ಯಾರ್ಥಿಗಳೂ ಪ್ರತಿವರ್ಷ ಇದನ್ನೇ ಕೇಳುತ್ತಾರೆ. ಸಾಮಾನ್ಯ ನೆಗಡಿ, ಜ್ವರಗಳಲ್ಲಿ ಮಿತವಾಗಿ ತೆಗೆದುಕೊಂಡ ಮಾತ್ರೆಯಿಂದ ಅಂಥ ಅಪಾಯವಿಲ್ಲ. ಆದರೆ ಕೆಲವು ವೈರಸ್‌ಗಳ ವಿಷಯದಲ್ಲಿ ಯಾವ ಮಾತ್ರೆ ಎಂಬುದು ಪ್ರಾಣದ ಪ್ರಶ್ನೆ. ಅದನ್ನು ಹೇಳಲೆಂದೇ ಉದ್ದವಾಗಿ ಬರೆಯುತ್ತಿದ್ದೇನೆ.

ನಿಮ್ಮ ಅನುಮಾನ ಹುರುಳಿಲ್ಲದ್ದಲ್ಲ. ಜ್ವರ ನಮ್ಮ ದೇಹವೇ ಹೊತ್ತಿಸುವ ಬೆಂಕಿ. ಸೋಂಕು ತಗುಲಿದಾಗ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವು ಕಾವು ಏರಿಸುವಂತೆ ಮಿದುಳಿನ ಹೈಪೋಥಲಾಮಸ್‌ಗೆ ಸೂಚನೆ ಕೊಡುತ್ತದೆ. ಆ ರಾಸಾಯನಿಕದ ತಯಾರಿಕೆಯನ್ನೇ ಆಸ್ಪಿರಿನ್ ತಡೆಯುತ್ತದೆ ಎಂದು ಬ್ರಿಟಿಷ್ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಮೈ ಬಿಸಿಯೇರಿದಾಗ ಅನೇಕ ವೈರಸ್‌ಗಳು ನಿಧಾನವಾಗಿ ವೃದ್ಧಿಸುತ್ತವೆ, ಪ್ರತಿರಕ್ಷಣಾ ಕೋಶಗಳು ಚುರುಕಾಗುತ್ತವೆ. ಹಾಗಿದ್ದ ಮೇಲೆ ಜ್ವರ ಇಳಿಸುವುದು ನಮ್ಮ ಕೈಯನ್ನು ನಾವೇ ಕಟ್ಟಿಕೊಂಡಂತಲ್ಲವೇ?

ಇದನ್ನು ಮನುಷ್ಯರ ಮೇಲೆಯೇ ಪರೀಕ್ಷಿಸಿದ್ದಾರೆ. 1990ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ನೆಗಡಿಯ ರೈನೋವೈರಸ್ ಸೋಂಕು ತಗುಲಿಸಿ, ಕೆಲವರಿಗೆ ಆಸ್ಪಿರಿನ್, ಕೆಲವರಿಗೆ ಪ್ಯಾರಾಸಿಟಮಾಲ್, ಕೆಲವರಿಗೆ ಐಬುಪ್ರೊಫೆನ್, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟರು. ಆಸ್ಪಿರಿನ್ ಮತ್ತು ಪ್ಯಾರಾಸಿಟಮಾಲ್ ಪಡೆದವರಲ್ಲಿ ವೈರಸ್ ವಿರುದ್ಧ ಹೋರಾಡುವ ಪ್ರತಿಕಾಯಗಳು ಕಡಿಮೆ ಹುಟ್ಟಿದವು, ಮೂಗಿನ ತೊಂದರೆ ಹೆಚ್ಚಾಯಿತು. ಆದರೂ ಅವರಿಗೆ ಬಂದದ್ದು ನೆಗಡಿಯೇ, ನ್ಯುಮೋನಿಯಾ ಅಲ್ಲ. ಚಿಕನ್‌ಪಾಕ್ಸ್ ಬಂದ ಮಕ್ಕಳಿಗೆ ಪ್ಯಾರಾಸಿಟಮಾಲ್ ಕೊಟ್ಟು ನೋಡಿದಾಗ ಗುಳ್ಳೆಗಳೆಲ್ಲ ಹಕ್ಕಳೆಗಟ್ಟಲು ಸುಮಾರು ಒಂದು ದಿನ ಹೆಚ್ಚು ಹಿಡಿಯಿತು. ಪರಿಣಾಮ ಇದೆ, ಆದರೆ ಸಣ್ಣದು ಎಂದೇ ನಾನು ಇವನ್ನು ಓದುತ್ತೇನೆ.

2020ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ಆರೋಗ್ಯ ಸಚಿವರು ಐಬುಪ್ರೊಫೆನ್‌ನಿಂದ ಕೊರೊನಾ ಬಿಗಡಾಯಿಸಬಹುದು ಎಂದಾಗ ಎಲ್ಲೆಡೆ ಗಾಬರಿಯಾಗಿತ್ತು. ಮರುವರ್ಷ ಬ್ರಿಟನ್ನಿನ ಆಸ್ಪತ್ರೆಗಳ 70,000ಕ್ಕೂ ಹೆಚ್ಚು ಕೊರೊನಾ ರೋಗಿಗಳ ಮಾಹಿತಿಯನ್ನು ನೋಡಿದಾಗ, ಐಬುಪ್ರೊಫೆನ್ ಗುಂಪಿನ ಮಾತ್ರೆ ತೆಗೆದುಕೊಂಡಿದ್ದವರಲ್ಲಿ ಸಾವು ಹೆಚ್ಚಿರಲಿಲ್ಲ.

ಇನ್ನು ನಿಜವಾಗಿ ಹೆದರಬೇಕಾದ ಸಂಗತಿ. ಫ್ಲೂ ಅಥವಾ ಚಿಕನ್‌ಪಾಕ್ಸ್ ಬಂದ ಮಕ್ಕಳಿಗೆ, ಹದಿಹರೆಯದವರಿಗೆ ಆಸ್ಪಿರಿನ್ ಕೊಡಲೇಬೇಡಿ. ಯಕೃತ್ತು ಕೆಟ್ಟು ಮಿದುಳು ಊದಿಕೊಳ್ಳುವ ರೇ ಸಿಂಡ್ರೋಮ್‌ಗೆ ಅದು ದಾರಿಯಾಗಬಲ್ಲದು. 1980ರಲ್ಲಿ ಅಮೆರಿಕದಲ್ಲಿ ಇಂಥ 555 ಪ್ರಕರಣಗಳು ವರದಿಯಾಗಿದ್ದವು. ಎಚ್ಚರಿಕೆ ಕೊಟ್ಟು ಪೋಷಕರು ಆಸ್ಪಿರಿನ್ ಬಿಟ್ಟ ಮೇಲೆ, 1990ರ ದಶಕದ ಮಧ್ಯಭಾಗಕ್ಕೆ ವರ್ಷಕ್ಕೆ ಎರಡನ್ನೂ ಮೀರಲಿಲ್ಲ. ಒಂದು ಮಾತ್ರೆಯನ್ನು ದೂರವಿಟ್ಟದ್ದರಿಂದ ಎಷ್ಟು ಮಕ್ಕಳು ಉಳಿದರು ಎಂದು ಪಾಠ ಮಾಡುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಚಿಕನ್‌ಪಾಕ್ಸ್‌ನಲ್ಲಿ ಐಬುಪ್ರೊಫೆನ್ ಕೂಡ ಬೇಡ; ಚರ್ಮದ ತೀವ್ರ ಬ್ಯಾಕ್ಟೀರಿಯಾ ಸೋಂಕಿನೊಂದಿಗೆ ಅದರ ನಂಟು ಕಂಡುಬಂದಿದೆ.

ನನ್ನ ಮಗಳಿಗೆ ಜ್ವರ ಬಂದಾಗ ನಾನು ಥರ್ಮಾಮೀಟರ್‌ಗಿಂತ ಅವಳ ಮುಖವನ್ನೇ ಹೆಚ್ಚು ನೋಡುತ್ತೇನೆ. 102 ಡಿಗ್ರಿ ಇದ್ದರೂ ಆಡಿಕೊಂಡಿದ್ದರೆ ಔಷಧ ಕೊಡುವುದಿಲ್ಲ. 100 ಇದ್ದು ಮೈಕೈ ನೋವಿಗೆ ನೀರೂ ಕುಡಿಯದೆ ಮುದುಡಿ ಮಲಗಿದ್ದರೆ ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಕೊಡುತ್ತೇನೆ. (ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಈ ಲೆಕ್ಕಾಚಾರವೇ ಸಲ್ಲ, ನೇರ ವೈದ್ಯರ ಬಳಿಗೆ ಹೋಗಬೇಕು.) ದೊಡ್ಡವರು ದಿನಕ್ಕೆ 4 ಗ್ರಾಂ ಪ್ಯಾರಾಸಿಟಮಾಲ್ ದಾಟಬಾರದು. ನೆಗಡಿಯ ಮಾತ್ರೆಗಳಲ್ಲೂ ಅನೇಕ ವೇಳೆ ಪ್ಯಾರಾಸಿಟಮಾಲ್ ಇರುತ್ತದೆ, ಚೀಟಿ ಓದಿ ಕೂಡಿಸಿಕೊಳ್ಳಿ.

ಡೆಂಗಿಯ ಶಂಕೆಯಿದ್ದರೆ ಪ್ಯಾರಾಸಿಟಮಾಲ್ ಒಂದೇ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಮೊದಲೇ ಕುಸಿಯುವ ಆ ಕಾಯಿಲೆಯಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಡೆಂಗಿಯಲ್ಲಿ ಗಂಡಾಂತರ ಬರುವುದು ಜ್ವರ ಇಳಿಯುವ ಹೊತ್ತಿಗೇ. ಆಗ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ, ಮೈ ತಣ್ಣಗಿದೆ ಎಂದು ಸುಮ್ಮನಿರದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.