ರೀಟ್‌ವೆಲ್ಡ್ ಕಲಿಯುವವರಿಗೆ: ಪಾಠದ ಇನ್‌ಸ್ಟ್ರುಮೆಂಟ್ ಫೈಲ್ ನಿಮ್ಮ ಡೇಟಾಗೆ ಬೇಡ

ತಂಗಿ, ಎಕ್ಸ್-ರೇ ಡಿಫ್ರಾಕ್ಷನ್ ಪೀಕ್‌ಗಳಿಗೆ ಲೆಕ್ಕದ ಗೆರೆ ಹೊಂದಿಸುವ ರೀಟ್‌ವೆಲ್ಡ್ ವಿಧಾನದ ಬಗ್ಗೆ ನೀನು ಹಾಕಿದ ಪೋಸ್ಟ್ ನೋಡಿದೆ. ನುಗ್ಗೆ ಸೊಪ್ಪಿನ ರಸ ಹಾಕಿ ಕಂಬಶ್ಚನ್‌ನಲ್ಲಿ ಮಾಡಿದ ಜಿಂಕ್ ಆಕ್ಸೈಡ್, ಜಿಸ್ಯಾಸ್-2 ಪ್ರೋಗ್ರಾಮಿನಲ್ಲಿ ಫಿಟ್, ಕಣದ ಸೈಜ್ 0.027, ಫಿಟ್ ಎಷ್ಟು ಹೊಂದಿದೆ ಅಂತ ಹೇಳುವ ಕೈ-ಸ್ಕ್ವೇರ್ 1.3, ಮಧ್ಯದಲ್ಲಿ ಸಿಂಗ್ಯುಲರ್ (ಲೆಕ್ಕಕ್ಕೆ ಒಂದೇ ಉತ್ತರ ಸಿಗುತ್ತಿಲ್ಲ) ಅಂತ ಎಚ್ಚರಿಕೆ. ಇದಕ್ಕಿಂತ ಒಳ್ಳೆ ವಿಡಿಯೋ ಯಾವುದಿದೆ ಅಂತ ಕೇಳಿದ್ದೀಯ. ವಿಡಿಯೋ ಸಾಕು, ತೊಂದರೆ ಬೇರೆ ಕಡೆ ಇದೆ. ಸ್ಕ್ರೀನ್‌ಶಾಟಿನಲ್ಲಿ ಇನ್‌ಸ್ಟ್ರುಮೆಂಟ್ ಫೈಲಿನ (ಮೆಷೀನಿನ ಗುಣ ಬರೆದಿಟ್ಟ ಫೈಲು) ಹೆಸರು ಕಾಣಿಸುತ್ತಿದೆ. ಅದು ಜಿಸ್ಯಾಸ್‌ನ ಫ್ಲೋರೋಅಪಟೈಟ್ (ಒಂದು ಖನಿಜ) ಪಾಠದ ಜೊತೆ ಬರುವ ಫೈಲು. ಹಿಂದೆ ನಾನೂ ಹಾಗೇ ಹಾಕಿ ಸೈಜ್ ಬರೆದುಕೊಂಡು ಗೈಡ್ ಹತ್ತಿರ ಬೈಸಿಕೊಂಡಿದ್ದೇನೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆ ಪಾಠ ತಪ್ಪಲ್ಲ. ಜಿಸ್ಯಾಸ್-2 ಬರೆದ, ಅಮೆರಿಕದ ಆರ್ಗಾನ್ ಲ್ಯಾಬಿನ ಟೋಬಿ ಮತ್ತು ವಾನ್ ಡ್ರೀಲೆ ಪ್ರೋಗ್ರಾಮ್ ಜೊತೆಗೇ ಪಾಠಗಳನ್ನೂ ಡೇಟಾವನ್ನೂ ಫ್ರೀಯಾಗಿ ಕೊಟ್ಟಿದ್ದಾರೆ. ಹೆಲ್ಪ್ ಮೆನುವಿನಲ್ಲೇ ಪಟ್ಟಿ ಇದೆ. ಆದರೆ ಆ ಫೈಲಿನಲ್ಲಿರುವ ಪೀಕಿನ ಅಗಲ ಹೇಳುವ ಯು, ವಿ, ಡಬ್ಲ್ಯೂ, ಎಕ್ಸ್, ವೈ ಎಲ್ಲಾ ಬೇರೆ ಯಾವುದೋ ಮೆಷೀನಿನವು. ನಿನ್ನ ಸ್ಯಾಂಪಲ್ ಓಡಿದ ಮೆಷೀನಿಗೂ ಅದಕ್ಕೂ ಸಂಬಂಧ ಇಲ್ಲ.

ಎಷ್ಟು ವ್ಯತ್ಯಾಸ ಆಗುತ್ತದೆ ಅಂದರೆ, ಲೆಕ್ಕ ಹಾಕಿ ನೋಡು. 40 ನ್ಯಾನೋಮೀಟರ್ ಕಣಕ್ಕೆ 36 ಡಿಗ್ರಿ ಪೀಕಿನ ಹತ್ತಿರ, ತಾಮ್ರದ ಟ್ಯೂಬಿನಲ್ಲಿ, ಶೆರರ್ ಸೂತ್ರದ (ಕಣ ಚಿಕ್ಕದಾದಷ್ಟೂ ಪೀಕ್ ಅಗಲ) ಪ್ರಕಾರ ಅಗಲ ಸುಮಾರು 0.2 ಡಿಗ್ರಿ. ಟೇಬಲ್ ಮೇಲಿಡುವ ಸಣ್ಣ ಮೆಷೀನಿನ ಸ್ವಂತ ಅಗಲವೇ 0.1 ಇತ್ತು ಅಂತಿಟ್ಟುಕೋ. ಅದನ್ನು ಕಳೆಯದೆ ಬಿಟ್ಟರೆ 0.3 ಎಲ್ಲವೂ ಸ್ಯಾಂಪಲ್ ತಲೆಗೆ ಬರುತ್ತದೆ, 40 ಇದ್ದದ್ದು 27-28 ಆಗುತ್ತದೆ. ನಿನ್ನ 0.027 ಮೈಕ್ರೋಮೀಟರ್ ಲೆಕ್ಕ, ಅಂದರೆ 27 ನ್ಯಾನೋಮೀಟರ್. (ಜಿಸ್ಯಾಸ್ ಸೈಜನ್ನು ಮೈಕ್ರೋಮೀಟರಿನಲ್ಲೇ ಕೊಡುತ್ತದೆ. ಥೀಸಿಸ್‌ನಲ್ಲಿ 0.027 ನ್ಯಾನೋಮೀಟರ್ ಅಂತ ಬರೆದುಬಿಟ್ಟೀಯ, ಒಂದು ಅಣುವಿಗಿಂತ ಚಿಕ್ಕದಾಗುತ್ತದೆ!) ನಿನ್ನದು ನಿಜಕ್ಕೂ 27 ಇರಬಹುದು, 40 ಇರಬಹುದು. ಈಗಿರುವ ಫಿಟ್ ನೋಡಿ ಹೇಳೋಕೆ ಆಗಲ್ಲ.

ಹಾಗಾಗಿ ಮೊದಲು ಸ್ಟಾಂಡರ್ಡ್ (ಅಳತೆ ಗೊತ್ತಿರುವ ಪುಡಿ) ಓಡಿಸು, ಮೆಷೀನಿನ ಸ್ವಂತ ಅಗಲ ಅದರಿಂದ ಸಿಗುತ್ತದೆ. ಬೆಂಗಳೂರಿನ ಲ್ಯಾಬಿಗೆ ಸ್ಯಾಂಪಲ್ ಕಳಿಸುತ್ತೀಯ ಅಲ್ವಾ, ಅವರನ್ನೇ ಕೇಳು. ಲ್ಯಾಂಥನಮ್ ಹೆಕ್ಸಾಬೋರೈಡ್ ಇದ್ದರೆ ಬಹಳ ಒಳ್ಳೆಯದು, ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ 660 ಸರಣಿಯದ್ದು. ಅದು ದುಬಾರಿ, ಎಲ್ಲರ ಹತ್ತಿರ ಇರಲ್ಲ. ಸಿಲಿಕಾನ್ ಪುಡಿಯೋ ಕೊರಂಡಮ್ ಪ್ಲೇಟೋ ಸಾಮಾನ್ಯವಾಗಿ ಬೀರುವಿನಲ್ಲಿ ಬಿದ್ದಿರುತ್ತದೆ, ಅದೂ ನಡೆಯುತ್ತದೆ. ನಿನ್ನ ಸ್ಯಾಂಪಲ್‌ಗೆ ಇಟ್ಟ ಅದೇ ಸ್ಲಿಟ್, ಅದೇ ಫಿಲ್ಟರ್, ಅದೇ ಸ್ಟೆಪ್. ಒಂದು ಸ್ಲಿಟ್ ಬದಲಾದರೂ ಮಾಡಿದ್ದು ವ್ಯರ್ಥ. ಆಮೇಲೆ ಸ್ಟಾಂಡರ್ಡ್‌ನ ಸೆಲ್ (ಹರಳಿನ ಮೂಲ ಘಟಕದ ಅಳತೆ) ಸರ್ಟಿಫಿಕೇಟಿನಲ್ಲಿರುವಂತೆ ಫಿಕ್ಸ್, ಸೈಜ್ ದೊಡ್ಡದಾಗಿಟ್ಟು ಫಿಕ್ಸ್, ಸ್ಟ್ರೇನ್ (ಹರಳಿನೊಳಗಿನ ಎಳೆತ) ಸೊನ್ನೆ. ಬ್ಯಾಕ್‌ಗ್ರೌಂಡ್, ಸ್ಕೇಲ್, ಡಿಸ್‌ಪ್ಲೇಸ್‌ಮೆಂಟ್ (ಪುಡಿಯ ಎತ್ತರದ ತಪ್ಪು) ಕೂತ ಮೇಲೆ ಡಬ್ಲ್ಯೂ ಬಿಡು, ಅಂದರೆ ಅದರ ಬೆಲೆಯನ್ನು ಪ್ರೋಗ್ರಾಮೇ ಹುಡುಕಲಿ, ಆಮೇಲೆ ಎಕ್ಸ್ ವೈ, ಕೊನೆಗೆ ಯು ವಿ. ಬಂದದ್ದನ್ನು ಹೊಸ ಇನ್‌ಸ್ಟ್ರುಮೆಂಟ್ ಫೈಲಾಗಿ ಸೇವ್ ಮಾಡು, ಹೆಸರಿನಲ್ಲಿ ತಾರೀಖು ಹಾಕು. ಈಗ ಜಿಂಕ್ ಆಕ್ಸೈಡ್ ತೆಗಿ. ಈ ಸಲ ಅವೆಲ್ಲಾ ಲಾಕ್, ಸೈಜ್ ಸ್ಟ್ರೇನ್ ಮಾತ್ರ ಬಿಡು. ಮೆಷೀನಿನ ಅಂಕಿ, ಸ್ಯಾಂಪಲ್ ಅಂಕಿ ಎರಡನ್ನೂ ಒಟ್ಟಿಗೆ ಬಿಟ್ಟರೆ ಸುಮ್ನೆ ಚೆಂದದ ಗೆರೆ ಬರುತ್ತದೆ, ಅಂಕಿಗೆ ಅರ್ಥ ಇರಲ್ಲ. ಸ್ಟಾಂಡರ್ಡ್‌ನಿಂದ ಪ್ರೊಫೈಲ್ ತೆಗೆಯುವ ಪಾಠವೂ ಅದೇ ಪಟ್ಟಿಯಲ್ಲಿದೆ, ಎಲ್ಲರೂ ಅದನ್ನೇ ಹಾರಿಸಿಬಿಡುತ್ತಾರೆ. ಅದರ ಡೇಟಾವೂ ಬೇರೆ ಮೆಷೀನಿನದ್ದು, ಅಂಕಿ ಎತ್ತಿಕೊಳ್ಳಬೇಡ, ಕ್ರಮ ಮಾತ್ರ ಎತ್ತಿಕೋ.

ಸಿಂಗ್ಯುಲರ್ ಎಚ್ಚರಿಕೆಗೆ ಕಾರಣ ಬಹುಶಃ ಇದು: ಜಿಂಕ್‌ನ ಝಡ್ (ಸಿ ಅಕ್ಷದ ಮೇಲಿನ ಸ್ಥಾನ), ಆಕ್ಸಿಜನ್‌ನ ಝಡ್ ಎರಡನ್ನೂ ಬಿಟ್ಟಿದ್ದೀಯ. ಜಿಂಕ್ ಆಕ್ಸೈಡಿನ ವುರ್ಟ್‌ಝೈಟ್ ರಚನೆಯ ಸ್ಪೇಸ್ ಗ್ರೂಪ್ (ಸಮ್ಮಿತಿಯ ಗುರುತು) ಪಿ63ಎಂಸಿ, ಸಿ ಅಕ್ಷದ ಮೇಲೆ ಮೂಲಬಿಂದು ಎಲ್ಲಿಟ್ಟರೂ ಒಂದೇ. ಜಿಂಕನ್ನು ಸೊನ್ನೆಯಲ್ಲಿ ಕಟ್ಟಿಹಾಕು, ಆಕ್ಸಿಜನ್ 0.38 ಹತ್ತಿರ ತಾನೇ ಬಂದು ನಿಲ್ಲುತ್ತದೆ. ಸ್ಪೇಸ್ ಗ್ರೂಪ್ ಮಾಹಿತಿಯಲ್ಲಿ ಅದು ಬರೆದೇ ಇರುತ್ತದೆ, ಯಾರೂ ಓದಲ್ಲ. ಝೀರೋ (ಮೆಷೀನಿನ ಕೋನದ ಸೊನ್ನೆಯ ತಪ್ಪು) ಮತ್ತು ಡಿಸ್‌ಪ್ಲೇಸ್‌ಮೆಂಟ್ ಸಹ ಒಟ್ಟಿಗೆ ಬಿಡಬೇಡ. ಲ್ಯಾಬ್ ಮೆಷೀನಿಗೆ ಡಿಸ್‌ಪ್ಲೇಸ್‌ಮೆಂಟ್ ಸಾಕು. 200 ಮಿಲಿಮೀಟರ್ ರೇಡಿಯಸ್ಸಿನಲ್ಲಿ ಪುಡಿ 0.1 ಮಿಲಿಮೀಟರ್ ಮೇಲೆ ಕೆಳಗೆ ಆದರೂ ಪೀಕ್ 0.05 ಡಿಗ್ರಿಗಿಂತ ಜಾಸ್ತಿ ಸರಿಯುತ್ತದೆ. ಅದನ್ನು ನೋಡಿ "ಡೋಪಿಂಗ್‌ನಿಂದ ಲ್ಯಾಟಿಸ್ ಹಿಗ್ಗಿದೆ" ಅಂತ ಪೇಪರ್ ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಕೈ-ಸ್ಕ್ವೇರ್ 1.3 ಅಂತ ಖುಷಿ ಪಡಬೇಡ. ಬೇಗ ಬೇಗ ಸ್ಕ್ಯಾನ್ ಮಾಡಿ ಕೌಂಟ್ ಕಮ್ಮಿ ಆದರೂ ಅದು ಇಳಿಯುತ್ತದೆ. ಟೋಬಿಯವರೇ 2006ರಲ್ಲಿ ಆರ್-ಫ್ಯಾಕ್ಟರ್ (ಫಿಟ್‌ನ ತಪ್ಪಿನ ಅಳತೆ) ಎಷ್ಟಿದ್ದರೆ ಸಾಕು ಅಂತ ಒಂದು ಲೇಖನ ಬರೆದಿದ್ದಾರೆ, ಅದನ್ನು ಓದು. ನೋಡಬೇಕಾದ್ದು ಕೆಳಗಿನ ಡಿಫರೆನ್ಸ್ ಗೆರೆ (ಅಳೆದದ್ದಕ್ಕೂ ಲೆಕ್ಕಕ್ಕೂ ಇರುವ ವ್ಯತ್ಯಾಸ), 31.8, 34.4, 36.3 ಡಿಗ್ರಿ ಹತ್ತಿರ ಝೂಮ್ ಮಾಡಿ. 34.4 ಮಾತ್ರ ಎದ್ದು ನಿಂತಿದ್ದರೆ ಪ್ರಿಫರ್ಡ್ ಓರಿಯೆಂಟೇಶನ್, ಕಣಗಳು ಒಂದೇ ದಿಕ್ಕಿಗೆ ಮಲಗಿವೆ ಅಂತ. ಅದನ್ನು ಸಾಫ್ಟ್‌ವೇರ್‌ನಲ್ಲಿ ಸರಿಮಾಡುವ ಮೊದಲು ಪುಡಿ ಸರಿಮಾಡು. ಅಗೇಟ್ ಕಲ್ಲಿನಲ್ಲಿ ಸ್ವಲ್ಪ ಐಸೋಪ್ರೊಪನಾಲ್ ಹಾಕಿ ಅರೆ. ಬೆರಳಿಗೆ ರಂಗೋಲಿ ಪುಡಿ ಥರ ತರಿತರಿ ಸಿಕ್ಕರೆ ಇನ್ನೂ ಆಗಿಲ್ಲ. ಹೋಲ್ಡರಿನಲ್ಲಿ ಗಾಜಿನಿಂದ ಒತ್ತಿ ಒತ್ತಿ ನುಣ್ಣಗೆ ಮಾಡಬೇಡ, ಸಾಧ್ಯವಾದರೆ ಹಿಂದುಗಡೆಯಿಂದ ತುಂಬಿಸು.

ಲ್ಯಾಬಿನವರು ಕೊಡುವ ಪಿಡಿಎಫ್ ತಗೊಂಡು ಬರಬೇಡ. ಮೂಲ ಫೈಲ್ ಕೇಳು, ದುಡ್ಡು ಕೊಟ್ಟಿದ್ದೀಯ ತಾನೇ. ಹೆಚ್ಚಿನ ಫಾರ್ಮ್ಯಾಟ್‌ಗಳನ್ನು ಪೌಡಿಎಲ್ಎಲ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಬದಲಾಯಿಸಬಹುದು. ಗ್ರಾಫ್ ಹಾಕುವ ಒರಿಜಿನ್ ಸಾಫ್ಟ್‌ವೇರ್‌ನಲ್ಲಿ ಸ್ಮೂತ್ ಮಾಡಿ, ಬ್ಯಾಕ್‌ಗ್ರೌಂಡ್ ಕಿತ್ತು, ಆಮೇಲೆ ರೀಟ್‌ವೆಲ್ಡ್‌ಗೆ ಹಾಕುವುದು ಮಾತ್ರ ದಯವಿಟ್ಟು ಬೇಡ. ಪೀಕಿನ ಅರ್ಧ ಎತ್ತರದ ಅಗಲದೊಳಗೆ ಕಮ್ಮಿ ಅಂದರೂ 5 ಪಾಯಿಂಟ್ ಬರುವಂತೆ ಸ್ಟೆಪ್ ಇಡಿಸು.

ಸಾಫ್ಟ್‌ವೇರ್ ವಿಷಯ. ಇನ್ನೊಂದು ರೀಟ್‌ವೆಲ್ಡ್ ಪ್ರೋಗ್ರಾಮ್ ಫುಲ್‌ಪ್ರಾಫ್ ಗಟ್ಟಿ, ಮ್ಯಾಗ್ನೆಟಿಕ್ ಕೆಲಸಕ್ಕೆ ಅದೇ ಬೇಕು, ಆದರೆ ಅದರ ಇನ್‌ಪುಟ್ ಆದ ಪಿಸಿಆರ್ ಫೈಲಿನಲ್ಲಿ ಒಂದು ಅಂಕಿ ಪಕ್ಕಕ್ಕೆ ಜರುಗಿದರೆ ದಿನವೇ ಹೋಯಿತು. ಪ್ರೊಫೆಕ್ಸ್ ಸುಲಭ, ಫ್ರೀ, ಮಿಶ್ರಣದಲ್ಲಿ ಯಾವುದು ಎಷ್ಟು ಪರ್ಸೆಂಟ್ ಅಂತ ನೋಡಲು ನನಗೆ ಅದೇ ಇಷ್ಟ. ದುಡ್ಡು ಕೊಟ್ಟು ಕೊಳ್ಳಬೇಕಾದ ಹೈಸ್ಕೋರ್ ಸಾಫ್ಟ್‌ವೇರನ್ನು ಕ್ರ್ಯಾಕ್ ಮಾಡಿ ಪೆನ್‌ಡ್ರೈವ್‌ನಲ್ಲಿ ಹಂಚುವವರಿಗೆ ಏನು ಹೇಳಲಿ, ಪೇಪರಿನಲ್ಲಿ ಯಾವ ಲೈಸೆನ್ಸ್ ಅಂತ ಬರೆಯುತ್ತೀರಿ? ಸಿಐಎಫ್ (ಹರಳಿನ ರಚನೆಯ ಫೈಲು) ಬೇಕಾದರೆ ಸಿಒಡಿ ಅನ್ನುವ ಡೇಟಾಬೇಸ್ ಫ್ರೀ ಇದೆ. ತೆಗೆಯುವಾಗ ಉಷ್ಣತೆ, ಒತ್ತಡ ನೋಡಿ ತೆಗಿ. ಮತ್ತೆ ಪರಮಾಣುಗಳ ಕಂಪನಕ್ಕೆ ಫುಲ್‌ಪ್ರಾಫ್ ಕೇಳುವುದು ಬಿ, ಜಿಸ್ಯಾಸ್ ಕೇಳುವುದು ಯು (ಮೇಲೆ ಹೇಳಿದ ಅಗಲದ ಯು ಅಲ್ಲ). ಬಿ ಅಂದರೆ ಯುನ ಸುಮಾರು 79 ಪಟ್ಟು. 0.01ರ ಜಾಗದಲ್ಲಿ 0.79 ಹಾಕಿದರೆ ಮೇಲಿನ ಕೋನದ ಪೀಕ್‌ಗಳೆಲ್ಲಾ ಮಾಯ.

ಬ್ರ್ಯಾಗ್ ನಿಯಮದಿಂದ ಶುರು ಮಾಡುವವರಿಗೆ ಎನ್‌ಪಿಟಿಇಎಲ್‌ನ ಆನ್‌ಲೈನ್ ಪಾಠ ಸಾಕು. ಅದಾದ ಮೇಲೆ ಐಯುಸಿಆರ್ (ಅಂತರರಾಷ್ಟ್ರೀಯ ಹರಳುಶಾಸ್ತ್ರ ಒಕ್ಕೂಟ) ಜಾಲತಾಣದಲ್ಲಿರುವ ಬೋಧನಾ ಕಿರುಹೊತ್ತಿಗೆಗಳು, ಮತ್ತು 1999ರಲ್ಲಿ ಮೆಕ್‌ಕಸ್ಕರ್ ಮುಂತಾದವರು ಬರೆದ ರೀಟ್‌ವೆಲ್ಡ್ ಮಾರ್ಗಸೂಚಿ. ಯೂಟ್ಯೂಬಿನಲ್ಲಿ ಮ್ಯೂಸಿಕ್ ಹಾಕಿ ಕ್ಲಿಕ್ ಕ್ಲಿಕ್ ಅಂತ ತೋರಿಸುವವರು ಒಂದು ಪ್ಯಾರಾಮೀಟರ್ ಯಾಕೆ ಬಿಟ್ಟರು ಅಂತ ಹೇಳುವುದೇ ಇಲ್ಲ. ಹಳೇ ವಿಡಿಯೋ ಆದರೆ ಹಳೇ ಜಿಸ್ಯಾಸ್‌ನ ಎಕ್ಸ್‌ಪಿಜಿಯುಐ ಕಾಲದ್ದು, ಮೆನುವೇ ಬೇರೆ.

ಕೆಳಗೆ ಕಾಮೆಂಟಿನಲ್ಲಿ ಚಿಕ್ಕನಾಯಕನಹಳ್ಳಿ ಕಬ್ಬಿಣದ ಅದಿರಿನ ಫಿಟ್ ಹಾಕಿರುವ ಅಣ್ಣನಿಗೆ ಒಂದು ಮಾತು. ನಿಮ್ಮ ಆರ್‌ಡಬ್ಲ್ಯೂಪಿ (ಒಂದು ಆರ್-ಫ್ಯಾಕ್ಟರ್) ಕಮ್ಮಿ ಬಂದಿರುವುದು ಫಿಟ್ ಚೆನ್ನಾಗಿದೆ ಅಂತಲ್ಲ. ತಾಮ್ರದ ಟ್ಯೂಬಿಗೆ ಕಬ್ಬಿಣ ಫ್ಲೋರೆಸೆನ್ಸ್ (ತಾನೇ ಎಕ್ಸ್-ರೇ ಸೂಸುವುದು) ಕೊಟ್ಟು ಬ್ಯಾಕ್‌ಗ್ರೌಂಡ್ ಏರಿದೆ, ಅದೇ ಅಂಕಿಯನ್ನು ಇಳಿಸಿದೆ. ಕೋಬಾಲ್ಟ್ ಟ್ಯೂಬ್ ಇರುವ ಕಡೆ ಕೊಡಿ. ಆದರೆ ನಿಮ್ಮ ಕಡೆ ಅದಿರಿನಲ್ಲಿ ಮ್ಯಾಂಗನೀಸ್ ಸೇರಿದ್ದರೆ ಕೋಬಾಲ್ಟ್‌ಗೆ ಅದು ಹೊಳೆಯುತ್ತದೆ. ಆಗ ಟ್ಯೂಬ್ ಬದಲಿಸುವುದಕ್ಕಿಂತ ಮೋನೋಕ್ರೊಮೇಟರ್ (ಒಂದೇ ತರಂಗಾಂತರ ಬಿಡುವ ಸಾಧನ) ಅಥವಾ ಎನರ್ಜಿ ನೋಡಿ ಸೋಸುವ ಡಿಟೆಕ್ಟರ್ ಇದೆಯಾ ಅಂತ ಮೊದಲು ಕೇಳಿ. ಕೋಬಾಲ್ಟ್‌ನಲ್ಲೇ ತೆಗೆಸಿದರೆ ಹೆಮಟೈಟಿನ ದೊಡ್ಡ ಪೀಕ್ 33.1ರಲ್ಲಿ ಸಿಗಲ್ಲ, 38.7ರ ಹತ್ತಿರ ಹುಡುಕಿ, ಫೈಲಿನಲ್ಲಿ ತರಂಗಾಂತರವನ್ನೂ ಬದಲಿಸಿ.